ಮುಚ್ಚಿಟ್ಟದ್ದು ನಿಜ, ಆದರೆ ಏನನ್ನು?

2025ರ ಜನವರಿಯ ಒಂದು ಸಂಜೆ, ಬದಿಯಡ್ಕದ ನಮ್ಮ ಮನೆಗೆ ನೆರೆಮನೆಯ ಹುಡುಗ ಓಡಿಬಂದು, "ಮಾಷ್ಟ್ರೇ, ಇದು ಹಾರುವ ತಟ್ಟೆಯೇ. ಸರಕಾರಕ್ಕೆ ಗೊತ್ತುಂಟು, ಹೇಳುವುದಿಲ್ಲ" ಎಂದು ಮೊಬೈಲನ್ನು ನನ್ನ ಮುಂದೆ ಹಿಡಿದನು. ಪರದೆಯಲ್ಲಿ ಅಡಿಕೆ ಹಾಳೆಯ ತಟ್ಟೆಯಂತೆ ದುಂಡಗಿನ, ಅಂಚು ನಡುಗುವ ಬೆಳಕೊಂದಿತ್ತು. ವಾದಕ್ಕಿಳಿಯದೆ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದೆ.

ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿಯಷ್ಟನ್ನು ಮರೆಮಾಡುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಪಶ್ಚಿಮದಲ್ಲಿ ಕಾಣುವುದು ಗ್ರಹವೇ ಆಗಿದ್ದರೆ 40 ನಿಮಿಷದಲ್ಲಿ ಹೆಚ್ಚುಕಡಿಮೆ ಒಂದು ಮುಷ್ಟಿ ಇಳಿಯಬೇಕು. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ತೋಟದ ಅಡಿಕೆ ಮರವೊಂದರ ತುದಿಯನ್ನು ಗುರುತಾಗಿ ಇಟ್ಟುಕೊಂಡು ಕಾದೆವು. 7.20ಕ್ಕೆ ಮುಷ್ಟಿಯ ಮೇಲಂಚಿನಲ್ಲಿದ್ದ ಬೆಳಕು 8 ಗಂಟೆಗೆ ಕೆಳಂಚಿಗೆ ಬಂದಿತ್ತು. ಅದು ಶುಕ್ರ; ಫೋಕಸ್ ತಪ್ಪಿದ ಕ್ಯಾಮೆರಾ ಚುಕ್ಕೆಯನ್ನು ತಟ್ಟೆಯಾಗಿಸಿತ್ತು. ಹುಡುಗ ನಾಚಿಕೊಳ್ಳಬೇಕಾದದ್ದೇನೂ ಇರಲಿಲ್ಲ: ಲಡಾಖಿನ ಗಡಿಯಲ್ಲಿ 2012-13ರಲ್ಲಿ ನಮ್ಮ ಸೈನಿಕರು ಚೀನಾದ ಡ್ರೋನ್‌ಗಳೆಂದು ಶಂಕಿಸಿದ ಬೆಳಕುಗಳು ಶುಕ್ರ ಮತ್ತು ಗುರು ಎಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಗುರುತಿಸಿದ್ದರು.

ಅವನ ಎರಡನೆಯ ಮಾತಿಗೆ ಮಾತ್ರ ಮುಷ್ಟಿಯ ಲೆಕ್ಕ ಸಾಲದು. ಸರಕಾರಿ ಕಡತದ ಪುಟದಲ್ಲಿ ಕಪ್ಪು ಶಾಯಿ ಬಳಿದದ್ದು ಕಂಡರೆ, ಅದರಡಿಯಲ್ಲಿ ಅನ್ಯಗ್ರಹದವರೇ ಇದ್ದಾರೆಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಆ ನಂಬಿಕೆ ಸಡಿಲಗೊಂಡದ್ದು ಅಮೆರಿಕದ ರಾಸ್ವೆಲ್ ಎಂಬ ಊರಿನ ಪ್ರಕರಣವನ್ನು ಓದಿದಾಗ. 1947ರ ಜುಲೈ 8ರಂದು ಅಲ್ಲಿನ ಸೇನಾ ವಿಮಾನನೆಲೆ "ಹಾರುವ ತಟ್ಟೆ" ಸಿಕ್ಕಿದೆಯೆಂದು ಪ್ರಕಟಿಸಿತು. ಅದು ಹವಾಮಾನದ ಬಲೂನು ಎಂಬ ತಿದ್ದುಪಡಿಯೂ ಬೇಗನೆ ಬಂತು. ತಿದ್ದುಪಡಿಯಲ್ಲಿ ನಿಜದ ಅರ್ಧವಷ್ಟೇ ಇತ್ತು. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಎತ್ತರದ ಗಾಳಿಯಲ್ಲಿ ಆಲಿಸಲು ಮೈಕ್ರೊಫೋನ್ ಕಟ್ಟಿ ಹಾರಿಸುತ್ತಿದ್ದ, ಮೊಗಲ್ ಎಂಬ ಗುಪ್ತ ಯೋಜನೆಯ ಬಲೂನುಗಳ ಅವಶೇಷ ಅದಾಗಿತ್ತೆಂದು ಅಮೆರಿಕದ ವಾಯುಪಡೆ ಹೇಳಿದ್ದು 1994ರಲ್ಲಿ. ಅನ್ಯಗ್ರಹದವರನ್ನು ಅಡಗಿಸಿಟ್ಟಿದ್ದಾರೆಂಬ ವದಂತಿಗೆ ಹೆಸರಾದ ಅಮೆರಿಕದ ಗುಪ್ತ ವಾಯುನೆಲೆ ಏರಿಯಾ 51ರ ಕತೆಯೂ ಹೀಗೆಯೇ: 60,000 ಅಡಿಗಿಂತ ಮೇಲೆ ಹಾರುವ ಯು-2 ಬೇಹುಗಾರಿಕೆ ವಿಮಾನವನ್ನು 1955ರಿಂದ ಅಲ್ಲಿ ಪರೀಕ್ಷಿಸುತ್ತಿದ್ದರು. ಮುಚ್ಚಿಟ್ಟದ್ದು ಸುಳ್ಳಲ್ಲ, ಆದರೆ ಮುಚ್ಚಿಟ್ಟದ್ದು ತಮ್ಮದೇ ಸಾಮಾನನ್ನು. ಮುಚ್ಚಿಟ್ಟರೆಂಬುದನ್ನೇ ಒಳಗಿರುವುದಕ್ಕೆ ಸಾಕ್ಷಿಯಾಗಿ ಹಿಡಿಯುತ್ತಿದ್ದೆನಲ್ಲ, ನಾನು ಎಡವಿದ್ದು ಅಲ್ಲಿಯೇ.

"ಹಾಗಾದರೆ ಉಳಿದ 701?" ಎಂದು ಹುಡುಗ ಕೇಳಿದನು, ಓದಿಕೊಂಡೇ ಬಂದಿದ್ದ. ಹಾರುವ ತಟ್ಟೆ ಕಂಡೆವೆಂಬ ವರದಿಗಳನ್ನು ಅಮೆರಿಕದ ವಾಯುಪಡೆ ಪರಿಶೀಲಿಸಿದ, 1969ರಲ್ಲಿ ಮುಗಿದ ಬ್ಲೂ ಬುಕ್ ಯೋಜನೆಯ 12,618 ವರದಿಗಳಲ್ಲಿ ಅಷ್ಟು "ಗುರುತಿಸಲಾಗದವು" ಎಂದು ಉಳಿದದ್ದು ಹೌದು. ಉತ್ತರವಾಗಿ ಅವನದೇ ಇನ್ನೊಂದು ವೀಡಿಯೊವನ್ನು ಕೇಳಿ ಪಡೆದೆ. ಯಾರೋ ಕಳುಹಿಸಿದ್ದು; ಸಮಯ, ದಿಕ್ಕು, ಊರು ಯಾವುದೂ ಇಲ್ಲ, ಹನ್ನೊಂದು ಸೆಕೆಂಡು ಬೆಳಕೊಂದು ಅಲುಗಾಡುತ್ತದೆ. ನನ್ನ ನೋಟ್‌ಪುಸ್ತಕದಲ್ಲಿ ಶುಕ್ರನ ಕೆಳಗೆ ಅದನ್ನೂ ಸೇರಿಸಿ, ಎದುರಿಗೆ "ಗೊತ್ತಿಲ್ಲ" ಎಂದು ಅವನ ಕೈಯಿಂದಲೇ ಬರೆಯಿಸಿದೆ.