ಮಾಡಿನ ಕೆಲಸ ಒಪ್ಪಿಸುವ ಮೊದಲು ಬಕೆಟ್ ಎಲ್ಲಿದೆ ಕೇಳಿ

ಮಲೆನಾಡಿನ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮಾಡು, ಅಂದರೆ ಮನೆಯ ಛಾವಣಿ, ಸೋರುತ್ತದೆ ಅಂತ ಗೊತ್ತಾಗುವುದೇ ಜೂನ್‌ನಲ್ಲಿ. ಆಗ ಕೆಲಸದವರು ಕೈಗೆ ಸಿಗುವುದಿಲ್ಲ, ಸಿಕ್ಕವರು ಹೇಳಿದ್ದೇ ರೇಟು. ಹಾಗಾಗಿ ಕಾಫಿ ಕೊಯ್ಲು ಮುಗಿಯುತ್ತಿದ್ದ ಹಾಗೇ, ಫೆಬ್ರುವರಿಯಲ್ಲಿ ಹುಡುಕಲು ಶುರು ಮಾಡಿ. ಭರಣಿ ಮಳೆ ಬರುವ ಹೊತ್ತಿಗೆ ಕೊನೆಯ ಸ್ಕ್ರೂ ಬಿದ್ದಿರಬೇಕು.

ಹೆಂಚಿನ ಮನೆಗೆ ಪಕಾಸಿ, ರೀಪು (ಹೆಂಚು ಹೊರುವ ಮರದ ತೊಲೆ, ಪಟ್ಟಿ) ಗೊತ್ತಿರುವ ಬಡಗಿ ಬೇಕು. ಆರ್‌ಸಿಸಿ ತಾರಸಿ ಮೇಲೆ ಟ್ರಸ್ (ಕಬ್ಬಿಣದ ಪೈಪಿನ ಚೌಕಟ್ಟು) ಕಟ್ಟಿ ತಗಡಿನ ಶೀಟ್ ಹಾಕುವುದು ವೆಲ್ಡಿಂಗ್‌ನವರ ಕೆಲಸ. ಎರಡೂ ಬರುತ್ತದೆ ಅನ್ನುವವರು ಇದ್ದಾರೆ, ಎರಡನ್ನೂ ನೋಡಿಯೇ ನಂಬಿ.

ಹಳೇ ಕೆಲಸ ತೋರಿಸಿ ಅಂದರೆ ಹೋದ ತಿಂಗಳು ಹಾಕಿದ, ಫಳಫಳ ಹೊಳೆಯುವ ಮಾಡಿನ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅದು ಬೇಡ, ಮೂರು ಮಳೆಗಾಲ ಕಂಡಿದ್ದು ಬೇಕು ಅನ್ನಿ. ಆ ಮನೆಯಲ್ಲಿ ಯಜಮಾನರನ್ನಲ್ಲ, ಮನೆಯಾಕೆಯನ್ನು ಕೇಳಿ: "ಅಕ್ಕಾ, ಮಳೆ ಜೋರಾದರೆ ಬಕೆಟ್ ಎಲ್ಲಿ ಇಡ್ತೀರಿ?" ದುಡ್ಡು ಕೊಟ್ಟವರು ಮರ್ಯಾದೆಗೆ ಚೆನ್ನಾಗಿದೆ ಅಂತಾರೆ. ನೆಲ ಒರೆಸುವವರು ಹಾಗನ್ನಲ್ಲ.

ಆಮೇಲೆ ಅಳತೆ. ಜಗಳ ಜಾಸ್ತಿ ಆಗುವುದು ಇಲ್ಲೇ. 40 ಅಡಿ ಉದ್ದ, 25 ಅಡಿ ಅಗಲದ ಮನೆ ಅಂದರೆ 1,000 ಚದರಡಿ, ಅಲ್ವಾ? ಸುತ್ತಲೂ ಗೋಡೆಯಿಂದ ಹೊರಗೆ 2 ಅಡಿ ಸೂರು ಬಿಟ್ಟರೆ 44 ಗುಣಿಸು 29, ಅಂದರೆ 1,276 ಆಗುತ್ತದೆ. 20 ಡಿಗ್ರಿ ಇಳಿಜಾರು ಸೇರಿದರೆ 1,350 ದಾಟುತ್ತದೆ. ಚದರಡಿ ರೇಟು ಯಾವ ಅಳತೆಗೆ, ಪೈಪು, ಶೀಟು, ಮಜೂರಿ, ಲಾರಿ ಬಾಡಿಗೆ ಎಲ್ಲ ಸೇರಿಯೇ, ಜಿಎಸ್‌ಟಿ ಒಳಗೋ ಹೊರಗೋ, ಎಲ್ಲವನ್ನೂ ಬರೆಸಿಕೊಳ್ಳಿ. ಇಬ್ಬರು ಮೂವರ ಹತ್ತಿರ ಇದೇ ಲೆಕ್ಕದಲ್ಲಿ ಕೊಟೇಶನ್ ತರಿಸಿದರೆ ಮಾತ್ರ ಹೋಲಿಸಲು ಬರುತ್ತದೆ.

ಶೀಟಿನ ದಪ್ಪದಲ್ಲಿ ನಾನೇ ಮೋಸ ಹೋಗಿದ್ದೇನೆ. ಮಾತಾಗಿದ್ದು 0.45 ಮಿ.ಮೀ., ಬಂದಿದ್ದು 0.35. ಬರಿಗಣ್ಣಿಗೆ ಏನೂ ಗೊತ್ತಾಗಲಿಲ್ಲ. ಮಾಡು ಹತ್ತಿದ ಹುಡುಗ ಕಾಲಿಟ್ಟಲ್ಲಿ ಗುಳಿ ಬಿದ್ದಾಗ ಅನುಮಾನ ಬಂತು. ಅಷ್ಟರಲ್ಲಿ ಅರ್ಧ ಮಾಡು ಮುಗಿದಿತ್ತು. ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಲಾರಿಯಿಂದ ಶೀಟು ಇಳಿಸುವಾಗಲೇ ಮೈಕ್ರೋಮೀಟರ್ ಹಿಡಿದು ಅಳೆಯಿರಿ. ಹೇಳಿದ ದಪ್ಪ ಬಣ್ಣ ಸೇರಿಸಿಯೋ, ಬಣ್ಣ ಬಿಟ್ಟೋ ಅಂತಲೂ ಕೇಳಿ. ಟ್ರಸ್ಸಿನ ಪೈಪಿಗೂ ಇದೇ ಪರೀಕ್ಷೆ.

ಕೆಲಸ ಶುರುವಾದ ದಿನ ಒಂದರ್ಧ ಗಂಟೆ ಸುಮ್ನೆ ನಿಂತು ನೋಡಿ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬೀಳಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಕೆಳಗಿನ ರಬ್ಬರ್ ವಾಷರ್ ಶೀಟಿಗೆ ಒತ್ತಿ ಕೂರಬೇಕು, ಹಿಂಡಿ ಹೊರಗೆ ಬಂದರೆ ಬೇಗ ಬಿರಿಯುತ್ತದೆ. ನಮ್ಮಲ್ಲಿ ಮಳೆಗಾಳಿ ಬೀಸುವುದು ಪಶ್ಚಿಮದಿಂದ. ಒಂದರ ಮೇಲೊಂದು ಕೂತ ಶೀಟಿನ ತೆರೆದ ಅಂಚು ಆ ಕಡೆಗಿದ್ದರೆ ಎರಚಲು ಒಳಗೆ ನುಗ್ಗುತ್ತದೆ. ಇದನ್ನು ನೀವು ಹೇಳುವ ಮೊದಲೇ ಪೂರ್ವದ ತುದಿಯಿಂದ ಶೀಟು ಹಾಸಲು ಹೊರಡುವವರು ಕೆಲಸ ಬಲ್ಲವರು. ಡ್ರಿಲ್ ಮಾಡಿದ ಕಬ್ಬಿಣದ ಪುಡಿ ಅಲ್ಲೇ ಉಳಿದರೆ ತುಕ್ಕಿನ ಚುಕ್ಕೆ ಬೀಳುತ್ತದೆ. ಸಂಜೆ ಪೊರಕೆ ಹಿಡಿದು ಮಾಡು ಹತ್ತುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ.

ಮಾಡು ಹತ್ತುವ ಹುಡುಗರಿಗೆ ಬೀಳದಂತೆ ಹಿಡಿಯುವ ಸೇಫ್ಟಿ ಬೆಲ್ಟ್ ಇದೆಯೇ ನೋಡಿ. ಹಳೇ ಸಿಮೆಂಟ್ ಶೀಟ್ ಬಿಚ್ಚುವಾಗಂತೂ ಇದು ಬೇಕೇ ಬೇಕು. ಅದು ಕಾಲಡಿ ಮುರಿಯುವ ಮುಂಚೆ ಸದ್ದು ಮಾಡುವುದಿಲ್ಲ.

ದುಡ್ಡನ್ನು ಕಂತಿನಲ್ಲಿ ಕೊಡಿ: ಸಾಮಾನು ಇಳಿದಾಗ ಒಂದು, ಟ್ರಸ್ ನಿಂತಾಗ ಒಂದು, ಶೀಟು ಮುಗಿದಾಗ ಒಂದು. ಹತ್ತನೇ ಒಂದು ಪಾಲು ಮಳೆ ನೋಡಿ ಕೊಡುತ್ತೇನೆ ಅಂತ ಮೊದಲೇ ಬರೆದಿಡಿ. ಆರಿದ್ರಾ ಮಳೆ ಹಿಡಿದ ರಾತ್ರಿ ಟಾರ್ಚ್ ತಗೊಂಡು ಮಾಡಿನ ಕೆಳಗೆ ಒಂದು ಸುತ್ತು ಹಾಕಿ. ಎಲ್ಲೂ ಹನಿ ಇಲ್ಲವಾದರೆ ಬೆಳಗ್ಗೆಯೇ ಫೋನ್ ಮಾಡಿ ಬಾಕಿ ಕೊಟ್ಟುಬಿಡಿ.