ಒಬ್ಬನೇ ಉಳಿದ ಮೇಲೆ

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ ಒಳಗಿದ್ದ 242 ಜನರಲ್ಲಿ ಬದುಕಿದ್ದು 11ಎ ಸೀಟಿನವನೊಬ್ಬನೇ. ಜೊತೆಗಿದ್ದ ಒಡಹುಟ್ಟಿದವನೂ ಹೋದ. ನಮ್ಮೂರಲ್ಲಿ ಎಲ್ಲರೂ ಆ ಸೀಟಿನ ಅದೃಷ್ಟದ ಬಗ್ಗೆ ಮಾತಾಡಿದರು. ನನಗೆ ಮಾತ್ರ, ಅವನು ಮನೆಗೆ ಹೋಗಿ ಹೇಗೆ ದಿನ ದೂಡುತ್ತಾನೋ ಅನ್ನುವ ಚಿಂತೆ.

ನನ್ನದು ವಿಮಾನವಲ್ಲ, ಕ್ರೂಸರ್ ಜೀಪು. ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಮುಧೋಳಕ್ಕೆ ಮರಳುವಾಗ, ಲೋಕಾಪುರದ ಈಚೆ, ಕತ್ತಲಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರಿಗೆ ಗುದ್ದಿತು. ಗಾಡಿಯಲ್ಲಿದ್ದವರೆಲ್ಲ ಬಂಧುಗಳು, ಗೆಳೆಯರು. ಉಳಿದವ ನಾನೊಬ್ಬ.

“ನಿನ್ನ ಪುಣ್ಯಾ ದೊಡ್ಡದೈತಿ, ತಾಯಿ ಉಳಿಸ್ಯಾಳ” ಅಂದರು ನೋಡಲು ಬಂದವರು. ಪ್ರೀತಿಯಿಂದಲೇ ಅಂದದ್ದು. ಹಾಗಾದರೆ ಹೋದವರ ಪುಣ್ಯ ಕಡಿಮೆಯಿತ್ತೇ? ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕಾಲಿನ ಪಟ್ಟಿ ಬಿಚ್ಚಿದ ಮೇಲೆ, ಮನೆಯಲ್ಲಿ ಬೇಡವೆಂದರೂ, ತೀರಿಹೋದವರ ಮನೆಗಳಿಗೆ ಒಂದೊಂದಾಗಿ ಹೋದೆ. ಚಿಗವ್ವ ಬಾಗಿಲಲ್ಲೇ ಕೈ ಹಿಡಿದು ಕೇಳಿದ್ದು ಒಂದೇ: “ಯಪ್ಪಾ, ನನ್ನ ಮಗ ಉಂಡಿದ್ದನೇನೋ?” ಉಂಡಿದ್ದ. ರಾಮದುರ್ಗದಲ್ಲಿ ಗಾಡಿ ನಿಲ್ಲಿಸಿ, ಬುತ್ತಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು, ಚಹಾ ಕುಡಿದು, ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದ. ಎಷ್ಟು ರೊಟ್ಟಿ ತಿಂದ, ಚಟ್ನಿ ಸಾಕಾಯಿತೋ ಇಲ್ಲವೋ, ಎಲ್ಲ ಮತ್ತೆ ಮತ್ತೆ ಹೇಳಿಸಿದಳು. ಗಾಡಿ ಗುದ್ದಿದ್ದರ ಬಗ್ಗೆ ಯಾವ ಮನೆಯಲ್ಲೂ ಹೆಚ್ಚು ಕೇಳಲಿಲ್ಲ. ಅವರವರ ಮಕ್ಕಳು ಕಡೆಯ ತಾಸುಗಳಲ್ಲಿ ಹೇಗಿದ್ದರು ಅನ್ನುವುದು ಬೇಕಿತ್ತು, ಅದು ನನ್ನೊಬ್ಬನಿಗೇ ಗೊತ್ತಿತ್ತು. ಒಂದು ಮನೆಯವರು ಬಾಗಿಲು ತೆರೆಯಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿದ್ದೆ ಮಾತ್ರ ಬರಲಿಲ್ಲ. ಡೀಸೆಲ್ ವಾಸನೆಗೇ ಎದೆ ಹೊಡೆದುಕೊಳ್ಳುತ್ತಿತ್ತು. ತಿಂಗಳು ದಾಟಿಯೂ ಹೀಗೇ ಇದ್ದರೆ ಚಿಕಿತ್ಸೆ ಬೇಕೇ ಬೇಕು ಎಂದರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವೈದ್ಯರು. ಆ ರಾತ್ರಿಯನ್ನು ಅವರೆದುರು ಮೊದಲಿನಿಂದ ಹೇಳುವುದು, ಆಮೇಲೆ ನಿಂತ ಕ್ರೂಸರಿನಲ್ಲಿ ಸುಮ್ಮನೆ ಕೂರುವುದು, ಆಮೇಲೆ ಹಗಲಲ್ಲಿ ಸ್ವಲ್ಪ ದೂರ ಹೋಗುವುದು. ಹೀಗೇ ಸುಧಾರಿಸಿತು. ಅಷ್ಟು ದೂರ ಹೋಗಲಾಗದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

1971ರಲ್ಲಿ ಪೆರು ದೇಶದ ಕಾಡಿನ ಮೇಲೆ ವಿಮಾನ ಒಡೆದು 91 ಜನ ಸತ್ತಾಗ 17 ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬರೇ ಉಳಿದರು, ತಾಯಿಯನ್ನು ಕಳೆದುಕೊಂಡರು. ಮುಂದೆ ಜೀವವಿಜ್ಞಾನಿಯಾಗಿ, ತಂದೆತಾಯಿ ಪೆರುವಿನ ಕಾಡಿನಲ್ಲೇ ಕಟ್ಟಿದ್ದ ಸಂಶೋಧನಾ ಕೇಂದ್ರವನ್ನು ನಡೆಸಿದರು. ನನಗೆ ಸಿಕ್ಕ ಕೆಲಸ ಸಣ್ಣದು. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ಸಾಲುಗಟ್ಟಿದ ಟ್ರೇಲರುಗಳ ಹಿಂದೆ ಕೆಂಪು ರೇಡಿಯಂ ಪಟ್ಟಿ ಹಚ್ಚುತ್ತೇನೆ. ಧೂಳು ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಕಿತ್ತು ಬರುತ್ತದೆ. ಜೋತುಬಿದ್ದ ಕಬ್ಬು ಮುಚ್ಚದಂತೆ ಕೆಳಗೇ ಹಚ್ಚಬೇಕು. ಹಚ್ಚುತ್ತಲೇ ಡ್ರೈವರುಗಳಿಗೆ ಹೇಳುತ್ತೇನೆ: “ಗಾಡಿ ಕೆಟ್ರ ಹಿಂದ ಕಲ್ಲಿಟ್ಟು ಹೋಗಬ್ಯಾಡ್ರಿ, ಕತ್ತಲದಾಗ ಕಲ್ಲೂ ಕಾಣಂಗಿಲ್ಲ. ಯಾರರ ಒಬ್ರು ಬ್ಯಾಟರಿ ಹಿಡಕೊಂಡು ದೂರ ನಿಂದರ್ರಿ.”