ಕತ್ತಿಯ ವೇಗ ಹಾಗೇ ಬಿಟ್ಟೆ, ಕಾಲಿನ ವೇಗ ಕಡಿಮೆ ಮಾಡಿದೆ

ಉಳಿದ ಪ್ರಾಣ ತೋರಿಸುವ ಹೆಲ್ತ್ ಬಾರ್ ಇಲ್ಲ, ಉಳಿದ ಕಸುವು ತೋರಿಸುವ ಸ್ಟ್ಯಾಮಿನಾ ಬಾರ್ ಇಲ್ಲ, ಒಂದು ಏಟು ಸರಿಯಾಗಿ ಬಿದ್ದರೆ ಸುತ್ತು ಮುಗಿಯಿತು. ಇಂಥ ಕತ್ತಿ ಕಾಳಗದ ವಿಡಿಯೊ ಗೇಮ್ ಮಾಡುತ್ತೇನೆ ಅಂದಾಗ ಜೊತೆಯ ಡೆವಲಪರ್‌ಗಳೆಲ್ಲ ಹೇಳಿದ್ದು ಒಂದೇ ಮಾತು: "ಐದು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ಯಾರೂ ಆಡಲ್ಲ." ಒಬ್ಬ ಪಬ್ಲಿಷರ್ ಡೆಮೊ ನೋಡಿ, "ಕಾಂಬೊ ಸೇರಿಸಿ, ಆಮೇಲೆ ಮಾತಾಡೋಣ" ಅಂದರು. ಕಾಂಬೊ ಅಂದರೆ ಒಂದರ ಹಿಂದೆ ಒಂದು ಬೀಳುವ ಏಟುಗಳ ಸರಣಿ. ನಾನು ಸೇರಿಸಲಿಲ್ಲ. ಈಗ ಪ್ಲೇಟೆಸ್ಟಿಗೆ, ಅಂದರೆ ಆಟ ಆಡಿ ಪರೀಕ್ಷಿಸಲು, ಬಂದವರು ಸಮಯ ಮುಗಿದರೂ ಕಂಟ್ರೋಲರ್ ಕೆಳಗಿಡುವುದಿಲ್ಲ. ಅವರಲ್ಲಿ ನಿಜವಾಗಿ ಕತ್ತಿ ಅಭ್ಯಾಸ ಮಾಡುವವರೂ ಇದ್ದಾರೆ, ಕತ್ತಿಯ ಗಂಧವೇ ಇಲ್ಲದವರೂ ಇದ್ದಾರೆ. ಇಬ್ಬರಿಗೂ ಹಿಡಿಸುವಂತೆ ಮಾಡಿದ್ದೇನೆ ಅನ್ನುವ ಹೆಮ್ಮೆ ನನಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

  ಫ್ರೇಮ್ ಅಂದರೆ ತೆರೆ ಮೇಲೆ ಬರುವ ಒಂದು ಚಿತ್ರ, ಇಲ್ಲಿನ ಲೆಕ್ಕವೆಲ್ಲ ಸೆಕೆಂಡಿಗೆ 60 ಫ್ರೇಮ್‌ನದು. ಸಂಖ್ಯೆಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ಮೊದಲ ಬಿಲ್ಡ್‌ನ (ಆಟದ ಪರೀಕ್ಷಾ ಆವೃತ್ತಿಯ) ದುಡ್ಡೆಲ್ಲ ಮೋಷನ್ ಕ್ಯಾಪ್ಚರಿಗೆ, ಅಂದರೆ ನಿಜದ ಮನುಷ್ಯರ ಚಲನೆಯನ್ನು ದಾಖಲಿಸುವುದಕ್ಕೆ, ಹೋಯಿತು. ಕೈಯಲ್ಲಿದ್ದ ಹಣದ ಸುಮಾರು ಮೂರನೇ ಒಂದು ಪಾಲು. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ ಲಾಂಗ್‌ಸ್ವೋರ್ಡ್ ಚೆನ್ನಾಗಿ ಬಲ್ಲವರನ್ನು ಕರೆಸಿ, ಸ್ಟುಡಿಯೊ ಬಾಡಿಗೆಗೆ ಹಿಡಿದು, ಒಂದೊಂದು ಏಟನ್ನೂ ಹಲವು ಸಲ ರೆಕಾರ್ಡ್ ಮಾಡಿಸಿದೆ. ಡೇಟಾ ಅಂದರೆ ಡೇಟಾ, ಅಷ್ಟು ಚೆನ್ನಾಗಿ ಬಂದಿತ್ತು. ಆಟಕ್ಕೆ ಹಾಕಿದರೆ ಯಾರಿಗೂ ಏನೂ ಕಾಣಲಿಲ್ಲ. ಕತ್ತಿ ಮೇಲಿತ್ತು, ಆಮೇಲೆ ಕೆಳಗಿತ್ತು, ಒಬ್ಬ ಸತ್ತಿದ್ದ.

ಕಾರಣ ಸರಳ. ಲಾಂಗ್‌ಸ್ವೋರ್ಡ್ ಸಿನಿಮಾದಲ್ಲಿ ತೋರಿಸುವಷ್ಟು ಭಾರ ಇರುವುದಿಲ್ಲ. ಸಾಮಾನ್ಯವಾಗಿ 1.2ರಿಂದ 1.5 ಕೆಜಿ. ಎರಡು ಕೈಯಲ್ಲಿ ಹಿಡಿದು, ಹಿಂದಿನ ಕೈ ಎಳೆದು ಮುಂದಿನ ಕೈ ತಳ್ಳಿದರೆ ತುದಿ ಕಣ್ಣಿಗೆ ಕಾಣದಷ್ಟು ಬೇಗ ಬರುತ್ತದೆ. ನಮ್ಮ ಡೇಟಾದಲ್ಲಿ ಕೈ ಅಲುಗಿದಲ್ಲಿಂದ ತಾಗುವವರೆಗೆ 12-14 ಫ್ರೇಮ್, ಅಂದರೆ 200 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಕಣ್ಣಿಂದ ನೋಡಿ ಬಟನ್ ಒತ್ತುವುದಕ್ಕೇ ಮನುಷ್ಯನಿಗೆ 200-250 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಟಿವಿ ಮತ್ತು ಕಂಟ್ರೋಲರ್ ತಿನ್ನುವ ಸಮಯ ಬೇರೆ. ನೋಡಿ ತಡೆಯುವುದು ಸಾಧ್ಯವೇ ಇಲ್ಲ. ಸುಮ್ನೆ ಊಹೆ ಮಾಡಬೇಕು, ಅಷ್ಟೇ.

ಇದಕ್ಕೆ ಎಲ್ಲರೂ ಮಾಡುವ ಪರಿಹಾರ ಏಟನ್ನೇ ನಿಧಾನ ಮಾಡುವುದು, ಅಲ್ವಾ? ನಾನೂ ಮಾಡಿ ನೋಡಿದೆ. 40 ಫ್ರೇಮಿಗೆ ಹಿಗ್ಗಿಸಿದರೆ ನೀರಿನೊಳಗೆ ಕಬ್ಬಿಣದ ಸರಳು ಬೀಸಿದ ಹಾಗಾಯಿತು. 30ಕ್ಕೆ ಇಳಿಸಿದರೆ ಪರವಾಗಿಲ್ಲ ಅನ್ನಿಸಿತು, ಆದರೆ ಹತ್ತಿರದಿಂದ ಬಂದರೂ ದೂರದಿಂದ ಬಂದರೂ ಏಟು ಒಂದೇ ಥರ. 2017ರ ಫಾರ್ ಹಾನರ್ ಆಟದಲ್ಲಿ 500 ಮಿಲಿಸೆಕೆಂಡಿನ ಹಗುರ ಏಟುಗಳಿವೆ, ಅಂದರೆ ಇದೇ 30 ಫ್ರೇಮ್. ಅಲ್ಲಿ ಮೂರು ದಿಕ್ಕಿನ ಕಾವಲು ತೆರೆ ಮೇಲೇ ಕಾಣುತ್ತದೆ, ಅದಕ್ಕೆ ಸರಿಹೋಗುತ್ತದೆ. ನನಗೆ ತೆರೆ ಮೇಲೆ ಯಾವ ಗುರುತೂ ಬೇಡವಾಗಿತ್ತು.

ಎರಡನೇ ಬಿಲ್ಡ್ ಫಿಸಿಕ್ಸ್‌ನದು. ಕತ್ತಿಗೆ ನಿಜವಾದ ತೂಕ ಕೊಟ್ಟು, ತೋಳನ್ನು ಕಂಟ್ರೋಲರ್‌ನ ಸ್ಟಿಕ್‌ನಿಂದ ಆಡಿಸುವುದು. ಇದು ಹೊಸದೇನಲ್ಲ. 1998ರಲ್ಲೇ ಡೈ ಬೈ ದ ಸ್ವೋರ್ಡ್ ಆಟದಲ್ಲಿ ತೋಳನ್ನು ನೇರವಾಗಿ ಆಡಿಸಬಹುದಿತ್ತು. ಆ ಕೆಲಸಕ್ಕೆ ಒಬ್ಬ ಫಿಸಿಕ್ಸ್ ಪ್ರೋಗ್ರಾಮರ್‌ಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟೆ. ಕತ್ತಿ ಕತ್ತಿಗೆ ತಾಗಿದಾಗ ನಡುಗುವುದನ್ನು ನಿಲ್ಲಿಸುವುದಕ್ಕೇ ಅರ್ಧ ಸಮಯ ಹೋಯಿತು. ನಿಂತ ಮೇಲೆ ಆಟಗಾರರು ಮೈ ತಿರುಗಿಸಿ ತಿರುಗಿಸಿ ಏಟಿನ ಸಮಯ ಬದಲಾಯಿಸಲು ಶುರು ಮಾಡಿದರು. 2012ರ ಶಿವಲ್ರಿ, 2019ರ ಮೊರ್ಡಾವ್ ಆಡಿದವರಿಗೆ ಈ ಡ್ರ್ಯಾಗ್ ಚೆನ್ನಾಗಿ ಗೊತ್ತು. ಆ ಆಟಗಳಲ್ಲಿ ಅದೊಂದು ಕಲೆಯೇ ಆಗಿದೆ, ನನಗೂ ಇಷ್ಟ. ಆದರೆ ಒಂದೇ ಏಟಿಗೆ ಸಾಯುವ ಕಾಳಗದಲ್ಲಿ ಎದುರಾಳಿಗೆ ಬೆನ್ನು ತೋರಿಸಿ ಗೆಲ್ಲುವುದು ನೋಡಲಾಗಲಿಲ್ಲ. ಕ್ಲ್ಯಾಂಗ್ ಅನ್ನುವ ಆಟ ನೆನಪಿದೆಯಾ? 2012ರಲ್ಲಿ ನಿಜವಾದ ಕತ್ತಿ ಕಾಳಗದ ಹೆಸರಿನಲ್ಲಿ ಜನರಿಂದ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಐದು ಲಕ್ಷ ಡಾಲರ್‌ಗೂ ಜಾಸ್ತಿ ಸೇರಿಸಿ, 2014ರಲ್ಲಿ ಕೈಬಿಟ್ಟರು. ಅಷ್ಟು ದುಡ್ಡಿದ್ದವರಿಗೇ ಆಗಲಿಲ್ಲ. ನನ್ನ ಹತ್ತಿರ ಅದರ ಸಣ್ಣ ಪಾಲೂ ಇರಲಿಲ್ಲ. ಫಿಸಿಕ್ಸ್ ನಿಲ್ಲಿಸಿದೆ.

ದಾರಿ ತೋರಿಸಿದ್ದು ಹಳೆಯ ಕತ್ತಿ ಗುರುಗಳು. ಕೈಯ ಸಮಯ ಕಾಲಿನ ಸಮಯಕ್ಕಿಂತ ಚಿಕ್ಕದು ಅಂತ ಇಂಗ್ಲೆಂಡಿನ ಜಾರ್ಜ್ ಸಿಲ್ವರ್ 1599ರಲ್ಲೇ ಬರೆದಿಟ್ಟಿದ್ದಾನೆ. ನಿಜದ ಕಾಳಗದಲ್ಲೂ ಹತ್ತಿರದಿಂದ ಬಂದ ಏಟನ್ನು ನೋಡಿ ತಡೆಯುವುದು ಯಾರಿಗೂ ಸುಲಭವಲ್ಲ. ಅದಕ್ಕೇ ಕತ್ತಿ ಕಾಳಗ ಬಲ್ಲವರು ಹತ್ತಿರ ನಿಲ್ಲುವುದಿಲ್ಲ. ಒಂದು ಹೆಜ್ಜೆ ಹಾಕಿದರೆ ಮಾತ್ರ ತಾಗುವಷ್ಟು ದೂರದಲ್ಲಿ ನಿಲ್ಲುತ್ತಾರೆ. ತಡೆಯಲು ಬೇಕಾದ ಸಮಯ ಆ ಹೆಜ್ಜೆಯಿಂದ ಸಿಗುತ್ತದೆ. ಅಂದರೆ ನಾವೆಲ್ಲ ನಿಧಾನ ಮಾಡಬೇಕಾದ್ದು ಕಾಲನ್ನು. ಕತ್ತಿಯನ್ನು ಮುಟ್ಟುವುದೇ ಬೇಡ.

ಹಾಗೇ ಮಾಡಿದೆ. ಹೆಜ್ಜೆ ಅಳತೆಯಿಂದ, ಅಂದರೆ ಒಂದು ಹೆಜ್ಜೆ ಹಾಕಿದರೆ ತಾಗುವ ದೂರದಿಂದ, ಹೊಡೆದರೆ ಮೊದಲು ಕೈ ಮುಂದೆ ಹೋಗುತ್ತದೆ, ಆಮೇಲೆ ಮುಂಗಾಲು ಏಳುತ್ತದೆ, ಕಾಲು ನೆಲಕ್ಕೆ ಊರುವ ಹೊತ್ತಿಗೆ ಕತ್ತಿ ತಾಗುತ್ತದೆ. ಎಲ್ಲ ಸೇರಿ 32-34 ಫ್ರೇಮ್. ಅದರಲ್ಲಿ ಕತ್ತಿ ಬೀಸುವ ಭಾಗ ಇಂದಿಗೂ ಅದೇ 12 ಫ್ರೇಮ್. ಆಟಗಾರನ ಕಣ್ಣಿಗೆ ಏಟು ಮಿಂಚಿನ ಹಾಗೇ ಕಾಣುತ್ತದೆ, ತಡೆಯಲು ಸಮಯವೂ ಸಿಗುತ್ತದೆ. ಕೈ ಅಳತೆಯೊಳಗೆ, ಅಂದರೆ ಹೆಜ್ಜೆ ಇಡದೆ ಕೈ ಚಾಚಿದರೇ ತಾಗುವ ದೂರಕ್ಕೆ, ಹೋದರೆ ಬರೀ 12 ಫ್ರೇಮ್, ಯಾರೂ ನೋಡಿ ತಡೆಯಲಾರರು. ಆದರೆ ಒಳಗೆ ಹೋಗುವುದಕ್ಕೇ ಒಂದು ಹೆಜ್ಜೆ ಬೇಕು. ಕಾಲು ಗಾಳಿಯಲ್ಲಿರುವ ಆ 20 ಫ್ರೇಮ್ ನೀವು ತಡೆಯಲೂ ಆಗುವುದಿಲ್ಲ, ಹಿಂದೆ ಸರಿಯಲೂ ಆಗುವುದಿಲ್ಲ.

ಈ ಬಿಲ್ಡ್ ಆಡಿದ ಮೊದಲ ದಿನವೇ ಜನ ಒಬ್ಬರ ಸುತ್ತ ಒಬ್ಬರು ಸುತ್ತತೊಡಗಿದರು, ಅರ್ಧ ಹೆಜ್ಜೆ ಇಟ್ಟು ಹಿಂದೆ ತೆಗೆದರು, ಎದುರಾಳಿಯನ್ನು ಮುಂದೆ ಬರುವಂತೆ ಪುಸಲಾಯಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಕತ್ತಿ ಅಭ್ಯಾಸ ಮಾಡುವ ಒಬ್ಬರು ನೋಡಿ, "ಇದೇ ನಾವು ಮಾಡೋದು" ಅಂದರು. ಮೋಷನ್ ಕ್ಯಾಪ್ಚರ್ ಡೇಟಾದಲ್ಲಿ ಕೊನೆಗೆ ಉಳಿದದ್ದು ಸೊಂಟದ ಕೆಳಗಿನದು. ಆ ದುಡ್ಡು ಅಲ್ಲಿ ವಸೂಲಾಯಿತು.

ಒಂದು ಸಣ್ಣ ವಿಷಯ. ಹಿಂದಿಡುವ ಹೆಜ್ಜೆ ಮುಂದಿಡುವ ಹೆಜ್ಜೆಗಿಂತ ಸುಮಾರು 15 ಶೇಕಡಾ ನಿಧಾನ ಇರಲೇಬೇಕು. ಎರಡೂ ಒಂದೇ ವೇಗ ಇದ್ದರೆ ಎಲ್ಲರೂ ಗೋಡೆವರೆಗೆ ಹಿಂದೆ ಹೋಗುತ್ತಾರೆ, ಸುತ್ತು ಮುಗಿಯುವುದೇ ಇಲ್ಲ.

ಅತಿ ಜಾಸ್ತಿ ತಲೆ ತಿಂದದ್ದು ಇಬ್ಬರೂ ಒಟ್ಟಿಗೆ ಸಾಯುವುದು. ಶುರುವಿನಲ್ಲಿ ಹತ್ತಿರ ಹತ್ತಿರ ಅರ್ಧ ಸುತ್ತುಗಳು ಹಾಗೇ ಮುಗಿಯುತ್ತಿದ್ದವು. ನಿಜದ ಸ್ಪರ್ಧೆಗಳಿಗೂ ಈ ಕಾಟ ಇದೆ. ಲಾಂಗ್‌ಸ್ವೋರ್ಡ್ ಪಂದ್ಯಗಳಲ್ಲಿ ಏಟು ತಿಂದವನು ತಕ್ಷಣ ತಿರುಗಿ ಹೊಡೆದರೆ ಮೊದಲು ಹೊಡೆದವನ ಅಂಕ ಕಡಿಮೆ ಮಾಡುವ ಆಫ್ಟರ್‌ಬ್ಲೋ ನಿಯಮಗಳಿವೆ. ಫೆನ್ಸಿಂಗಿನ ಎಪೆ ಅನ್ನುವ ವಿಭಾಗದಲ್ಲಿ ಸೆಕೆಂಡಿನ 25ರಲ್ಲಿ ಒಂದು ಭಾಗದೊಳಗೆ ಇಬ್ಬರಿಗೂ ತಾಗಿದರೆ ಇಬ್ಬರಿಗೂ ಅಂಕ. ಮೊದಲು ತಾಗಿಸಿದವನೇ ಬದುಕುತ್ತಾನೆ ಅಂತ ನಾನು ಮಾಡಿ ನೋಡಿದಾಗ ಎಲ್ಲರೂ ಕಣ್ಣು ಮುಚ್ಚಿ ನುಗ್ಗಿದರು. ಕೊನೆಗೆ ಕೆಲಸ ಮಾಡಿದ್ದು ನಡುಗೆರೆ, ಅಂದರೆ ಇಬ್ಬರ ನಡುವಿನ ನೇರ ಗೆರೆ. ಇಬ್ಬರೂ ಒಟ್ಟಿಗೆ ಹೊಡೆದರೆ ಯಾರ ಕತ್ತಿ ನಡುಗೆರೆ ಹಿಡಿದಿದೆಯೋ ಅವರ ಏಟು ತಾಗುತ್ತದೆ, ಇನ್ನೊಬ್ಬರ ಕತ್ತಿ ಪಕ್ಕಕ್ಕೆ ಸರಿಯುತ್ತದೆ. ಇಬ್ಬರದೂ ಸಮ ಇದ್ದು 2-3 ಫ್ರೇಮ್ ಒಳಗೆ ತಾಗಿದರೆ ಮಾತ್ರ ಇಬ್ಬರೂ ಸಾಯುತ್ತಾರೆ. ಆ 2-3 ಫ್ರೇಮ್ ಬಂದದ್ದು ಎಪೆಯಿಂದಲೇ. ಈಗ ಹತ್ತು ಸುತ್ತಿಗೆ ಒಂದು ಹಾಗಾಗುತ್ತದೆ. ನಡುಗೆರೆ ಯಾರದು ಅಂತ ಲೆಕ್ಕ ಹಾಕುವ ಸೂತ್ರವನ್ನು ಇಲ್ಲಿ ಬರೆಯುವುದಿಲ್ಲ. ಕತ್ತಿಯ ಕೋನವೂ ಮುಂಗಾಲಿನ ಜಾಗವೂ ಅದರಲ್ಲಿ ಸೇರಿವೆ, ಅಷ್ಟು ಹೇಳಬಲ್ಲೆ.

ತಡೆಯ ಬಗ್ಗೆಯೂ ಒಂದು ಮಾತು. ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ತಾನಾಗಿ ತಿರುಗೇಟು ಬೀಳುವ ಸೌಲಭ್ಯ ನಾನು ಕೊಡಲಿಲ್ಲ. 2018ರ ಕಿಂಗ್‌ಡಮ್ ಕಮ್ ಆಟದಲ್ಲಿ ಮಾಸ್ಟರ್ ಸ್ಟ್ರೈಕ್ ಅನ್ನುವ ಅಂಥ ತಿರುಗೇಟು ಇದೆ. ಅದು ಕೈಗೆ ಬಂದ ಮೇಲೆ ಎದುರಾಳಿ ಹೊಡೆಯಲಿ ಅಂತ ಕಾಯುವುದೇ ಲಾಭ. ನನ್ನಲ್ಲಿ ತಡೆದವನಿಗೆ ಸಿಗುವುದು ಬರೀ ಸಮಯ, ಹತ್ತು ಫ್ರೇಮ್‌ನಷ್ಟು. ಅದನ್ನು ಏನು ಮಾಡಬೇಕು ಅನ್ನುವುದು ಅವನಿಗೆ ಬಿಟ್ಟದ್ದು.

ಎಲ್ಲವನ್ನೂ ನಿಜದ ಹಾಗೇ ಇಟ್ಟಿದ್ದೇನೆ ಅಂದುಕೊಳ್ಳಬೇಡಿ. ಏಟು ತಾಗಿದಾಗ ಚಿತ್ರ ಕ್ಷಣ ನಿಲ್ಲುವ ಹಿಟ್‌ಸ್ಟಾಪ್ ತೆಗೆದು ನೋಡಿದೆ. ಗೆದ್ದವನಿಗೆ ತಾನು ಗೆದ್ದದ್ದೇ ಗೊತ್ತಾಗಲಿಲ್ಲ. ಈಗ 8 ಫ್ರೇಮ್ ನಿಲ್ಲುತ್ತದೆ. ಮರ, ಚರ್ಮದ ಒರೆಯಿಂದ ಕತ್ತಿ ಎಳೆದರೆ ಆ ಝಣ್ ಅನ್ನುವ ಸದ್ದು ಬರುವುದಿಲ್ಲ. ನಿಜವಾದ ಮೆತ್ತನೆ ಸದ್ದು ಹಾಕಿದಾಗ ಟೆಸ್ಟರ್‌ಗಳು "ಸದ್ದು ಬರ್ತಾ ಇಲ್ಲ" ಅಂತ ಬಗ್ ಬರೆದರು. ಸ್ವಲ್ಪ ಝಣ್ ಸೇರಿಸಿದೆ. ಅಳತೆ ಮತ್ತು ಸಮಯ ನಿಜ ಇರುವಾಗ ಸದ್ದು ಸುಳ್ಳಾದರೆ ಆಟ ಕೆಡುವುದಿಲ್ಲ.

ನಡುವೆ ಒಂದು ತಿಂಗಳಷ್ಟು ಪೂರ್ತಿ ಉಕ್ಕಿನ ಕವಚದ ಹಿಂದೆ ಹೋಗಿದ್ದೆ. ಅಂಥ ಕವಚವನ್ನು ಕತ್ತಿಯ ಅಲಗಿನಿಂದ ಕಡಿಯಲಾಗುವುದಿಲ್ಲ. ಒಂದು ಕೈಯಲ್ಲಿ ಅಲಗನ್ನೇ ಹಿಡಿದು ಸಂದುಗಳಿಗೆ ತಿವಿಯಬೇಕು, ಇಲ್ಲವೇ ಕುಸ್ತಿ ಹಿಡಿದು ಕೆಡವಬೇಕು. ಆಟ ಪೂರ್ತಿ ಕುಸ್ತಿಯೇ ಆಯಿತು. ಚೆನ್ನಾಗಿತ್ತು, ಆದರೆ ಅದು ಬೇರೆಯೇ ಆಟ. ಪ್ರತ್ಯೇಕ ಮೋಡ್ ಆಗಿ ಇಟ್ಟಿದ್ದೇನೆ.

ಹೆಡ್‌ಸೆಟ್ ಹಾಕಿಕೊಂಡು ಆಡುವ ವಿಆರ್ (ವರ್ಚುವಲ್ ರಿಯಾಲಿಟಿ) ಕೂಡ ಮಾಡಿ ನೋಡಿದೆ. ಕೈಯಲ್ಲಿ ತೂಕವಿಲ್ಲ, ಕತ್ತಿ ನಿಂತರೂ ನಿಮ್ಮ ಕೈ ನಿಲ್ಲುವುದಿಲ್ಲ. ಮಣಿಕಟ್ಟು ಅಲ್ಲಾಡಿಸಿದವನೇ ಗೆಲ್ಲುತ್ತಿದ್ದ. ಬಿಟ್ಟುಬಿಟ್ಟೆ. ಆದರೆ ಒಂದು ಲಾಭವಾಯಿತು. ಹೆಡ್‌ಸೆಟ್ ಹಾಕಿದ ಹೊಸಬರು ಕೂಡ ತಾವಾಗೇ ಕತ್ತಿ ತುದಿ ತಾಗದಷ್ಟು ದೂರ ನಿಂತರು. ಟಿವಿ ಮುಂದೆ ಕೂತಾಗ ಅದೇ ಜನ ನೇರವಾಗಿ ನುಗ್ಗುತ್ತಿದ್ದರು, ಯಾಕೆಂದರೆ ಬೆನ್ನ ಹಿಂದಿನ ಕ್ಯಾಮೆರಾದಲ್ಲಿ ದೂರ ಕಾಣುವುದೇ ಇಲ್ಲ. 1989ರ ಪ್ರಿನ್ಸ್ ಆಫ್ ಪರ್ಶಿಯಾ ಆಟದಲ್ಲಿ ಕತ್ತಿ ಕಾಳಗ ಅಷ್ಟು ಸ್ಪಷ್ಟವಾಗಿರುವುದು ಪಕ್ಕದ ನೋಟದಿಂದ. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ಹಳೆಯ ಸಿನಿಮಾವೊಂದರ ಕಾಳಗದಲ್ಲಿ ಇಬ್ಬರೂ ಪಕ್ಕದಿಂದ ಕಾಣುವ ತುಣುಕು ಹುಡುಕಿ, ಅದರ ಮೇಲೆ ಚಿತ್ರ ಬಿಡಿಸಿದ್ದರು. 2014ರ ನಿಡ್‌ಹಾಗ್ ಆಟದಲ್ಲಿ ಒಂದೇ ತಿವಿತಕ್ಕೆ ಸಾವು, ಆದರೂ ಬೇಜಾರಾಗುವುದಿಲ್ಲ. ಅಲ್ಲೂ ಪಕ್ಕದ ನೋಟವೇ, ಸತ್ತವನು ಬೇಗನೆ ಎದ್ದು ಬರುತ್ತಾನೆ. ನನ್ನ ಕ್ಯಾಮೆರಾ ಈಗ ಇಬ್ಬರ ನಡುವಿನ ದೂರ ಕಡಿಮೆಯಾದ ಹಾಗೆ ಪಕ್ಕಕ್ಕೆ ಜಾರುತ್ತದೆ. ಯಾವಾಗ, ಎಷ್ಟು ಜಾರಬೇಕು ಅನ್ನುವುದು ನನ್ನ ಇನ್ನೊಂದು ಗುಟ್ಟು. ಆಟ ಹೊರಬಂದ ಮೇಲೆ ನೀವೇ ಅಳೆದು ನೋಡಿಕೊಳ್ಳಿ.

ಆನ್‌ಲೈನ್ ಆಡಿಸಲು ರೋಲ್‌ಬ್ಯಾಕ್ ಹಾಕಿದೆ. ಎದುರಾಳಿಯ ಬಟನ್ ಒತ್ತಿದ ಸುದ್ದಿ ತಡವಾಗಿ ಬಂದರೆ ಆಟವನ್ನು ಕೆಲವು ಫ್ರೇಮ್ ಹಿಂದಕ್ಕೆ ಒಯ್ದು ತಿದ್ದುವ ವಿಧಾನ ಅದು. ಹೆಜ್ಜೆ ಅಳತೆಯ ಏಟಿನ 30ಕ್ಕೂ ಜಾಸ್ತಿ ಫ್ರೇಮ್‌ಗಳಲ್ಲಿ ಮೂರ್ನಾಲ್ಕು ಹಿಂದಕ್ಕೆ ಹೋದರೂ ಯಾರಿಗೂ ತಿಳಿಯುವುದಿಲ್ಲ. ಕೈ ಅಳತೆಯಲ್ಲಿ ತಿಳಿಯುತ್ತದೆ, ಅಲ್ಲಿಗೆ ಎರಡು ಫ್ರೇಮ್ ಇನ್‌ಪುಟ್ ತಡ ಸೇರಿಸಿದ್ದೇನೆ.

ಈಗ ಈಟಿಯ ಕೆಲಸ ನಡೆದಿದೆ. ಅದರ ಅಳತೆ ಕತ್ತಿಗಿಂತ ಒಂದು ಹೆಜ್ಜೆ ಜಾಸ್ತಿ. ಈಗಿನ ಬಿಲ್ಡ್‌ನಲ್ಲಿ ಹತ್ತರಲ್ಲಿ ಏಳು ಸಲ ಈಟಿ ಹಿಡಿದವರೇ ಗೆಲ್ಲುತ್ತಾರೆ. ಈಟಿಯ ಏಟು ಕಡಿಮೆ ಮಾಡಿ ಅಂತ ಸಲಹೆ ಬರುತ್ತಿದೆ. ಅದನ್ನು ಮಾಡುವುದಿಲ್ಲ. ಒಂದು ಸಲ ತುದಿಯನ್ನು ದಾಟಿ ಒಳಗೆ ಬಂದವನ ಎದುರು ಈಟಿ ಹಿಡಿದವನು ಎಷ್ಟು ಬೇಗ ಹಿಂದೆ ಸರಿಯಬಲ್ಲ ಅನ್ನುವ ಸಂಖ್ಯೆಯನ್ನಷ್ಟೇ ತಿದ್ದುತ್ತಿದ್ದೇನೆ.